ಕೊಳಕುಮಂಡಲದ ಲೇಖನಕ್ಕೆ ಅರಿಜೋನಾದ ಹಾವೇಕೆ?

ಮಾನ್ಯ ಸಂಪಾದಕರಿಗೆ ನಮಸ್ಕಾರ.

ಕಳೆದ ಭಾನುವಾರದ ಪುರವಣಿಯಲ್ಲಿ ಹಾವು ಕಡಿತದ ಬಗ್ಗೆ ಪ್ರಕಟವಾದ ಲೇಖನ ಓದಿದೆ. ಗದ್ದೆ ತೋಟಗಳಲ್ಲಿ ದುಡಿಯುವವರು ಕೊಳಕುಮಂಡಲದಿಂದ ಪಡುವ ಪಾಡನ್ನು ಲೇಖಕರು ಮನಮುಟ್ಟುವಂತೆ ಬರೆದಿದ್ದಾರೆ. ಗಂಬೂಟು ಹಾಕಿಕೊಳ್ಳಿ, ಕತ್ತಲಲ್ಲಿ ಟಾರ್ಚ್ ಹಿಡಿಯಿರಿ, ಕಡಿದ ಜಾಗವನ್ನು ಕೊಯ್ಯಬೇಡಿ, ನೇರ ಆಸ್ಪತ್ರೆಗೆ ಹೋಗಿ ಎಂಬ ಸಲಹೆಗಳೆಲ್ಲ ಸರಿಯಾಗಿವೆ. ನನ್ನ ತಕರಾರು ಇರುವುದು ಲೇಖನದ ನೆತ್ತಿಯ ಮೇಲೆ ನಾಲ್ಕು ಕಾಲಂ ಅಗಲಕ್ಕೆ ಅಚ್ಚಾದ ರೇಖಾಚಿತ್ರದ ಬಗ್ಗೆ. ಸುರುಳಿ ಸುತ್ತಿ, ತಲೆಯೆತ್ತಿ, ಬಾಲ ನಿಮಿರಿಸಿ ಕುಳಿತ ಆ ಹಾವು ಕೊಳಕುಮಂಡಲವಲ್ಲ. ಅದು ಬಾಲದ ಗಿಲಕಿಯಿಂದ ಸದ್ದು ಮಾಡುವ ರ‍್ಯಾಟಲ್ ಸ್ನೇಕ್. ಅದರಲ್ಲೂ ವೆಸ್ಟರ್ನ್ ಡೈಮಂಡ್‌ಬ್ಯಾಕ್ ಎಂಬ ಜಾತಿ. ಅಮೆರಿಕದ ನೈಋತ್ಯ ಭಾಗದಲ್ಲೂ ಮೆಕ್ಸಿಕೊದ ಉತ್ತರದಲ್ಲೂ ಅದರ ವಾಸ. ರ‍್ಯಾಟಲ್ ಸ್ನೇಕ್‌ಗಳ ಇಡೀ ಬಳಗವೇ ಕೆನಡಾದ ದಕ್ಷಿಣದಿಂದ ಅರ್ಜೆಂಟೀನಾದವರೆಗೆ ಅಮೆರಿಕ ಖಂಡಗಳಲ್ಲಷ್ಟೇ ಇದೆ. ಭಾರತದ ಯಾವ ಕಾಡಿನಲ್ಲೂ, ಯಾವ ಗದ್ದೆಯ ಬದುವಿನಲ್ಲೂ ಅದು ಎದುರಾಗುವುದಿಲ್ಲ.

ನಾನು ಸಾಗರದ ಕಡೆಯವಳು. ಮದುವೆಯಾಗಿ ಅರಿಜೋನಾದ ಟೂಸಾನ್‌ಗೆ ಬಂದು ಬಹಳ ವರ್ಷಗಳಾದವು. ಪ್ರಾಣಿಗಳನ್ನೂ ಗಿಡಗಳನ್ನೂ ಪೆನ್ನು ಮತ್ತು ಇಂಡಿಯನ್ ಇಂಕ್‌ನಲ್ಲಿ ಬರೆಯುವುದು ನನ್ನ ಕಸುಬು. ಅರಿಜೋನಾ ಒಂದರಲ್ಲೇ 13 ಜಾತಿಯ ರ‍್ಯಾಟಲ್ ಸ್ನೇಕ್‌ಗಳಿವೆ. ಅಮೆರಿಕದ ಬೇರೆ ಯಾವ ರಾಜ್ಯದಲ್ಲೂ ಇಷ್ಟಿಲ್ಲ. ಜುಲೈ, ಆಗಸ್ಟ್ ತಿಂಗಳಲ್ಲಿ ಇಲ್ಲಿಯೂ ಒಂದು ಮಳೆಗಾಲವಿದೆ. ಮಳೆ ನಿಂತ ಸಂಜೆ ಬೆಚ್ಚಗಿನ ರಸ್ತೆಯ ಮೇಲೆ ಅವು ಕಾಣಸಿಗುತ್ತವೆ. ನಗರದ ಪಕ್ಕದಲ್ಲೇ 1952ರಲ್ಲಿ ಆರಂಭವಾದ ಅರಿಜೋನಾ-ಸೊನೋರಾ ಡೆಸರ್ಟ್ ಮ್ಯೂಸಿಯಂ ಇದೆ. ಅಲ್ಲಿ ಜೀವಂತ ಹಾವುಗಳನ್ನು ಗಾಜಿನ ಆಚೆ ಕೂತು ಎಷ್ಟು ಹೊತ್ತು ಬೇಕಾದರೂ ನೋಡಬಹುದು. ನಿಸರ್ಗದ ಚಿತ್ರ ಬರೆಯುವುದನ್ನು ಕಲಿಸುವ ತರಗತಿಗಳೂ ಅಲ್ಲಿಯೇ ನಡೆಯುತ್ತವೆ. ಹೀಗಾಗಿ ನಿಮ್ಮ ಪುಟದ ಹಾವು ಯಾವುದೆಂದು ತಿಳಿಯಲು ನನಗೆ ಯಾವ ಪುಸ್ತಕವನ್ನೂ ತೆರೆಯಬೇಕಾಗಲಿಲ್ಲ.

ಒಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಚಿತ್ರ ತಪ್ಪು ಜಾಗಕ್ಕೆ ಬಂದಿದೆಯೇ ಹೊರತು ಚಿತ್ರವೇ ತಪ್ಪಲ್ಲ. ಅದನ್ನು ಬರೆದವರು ಯಾರೋ ಬಲ್ಲವರು. ಬಾಲವನ್ನೇ ನೋಡಿ. ತುದಿಯ ಗಿಲಕಿಗೆ ಮೊದಲು ಕಪ್ಪು ಬಿಳಿ ಪಟ್ಟೆಗಳಿವೆ. ಎರಡರ ಅಗಲವೂ ಹೆಚ್ಚುಕಡಿಮೆ ಒಂದೇ. ಇದೇ ಮರುಭೂಮಿಯಲ್ಲಿರುವ ಮೊಹಾವಿ ರ‍್ಯಾಟಲ್ ಸ್ನೇಕ್‌ನ ಬಾಲದಲ್ಲಿ ಬಿಳಿ ಪಟ್ಟೆ ಕಪ್ಪಿಗಿಂತ ಅಗಲವಾಗಿರುತ್ತದೆ. ಪೆನ್ನು ಒಂದು ಗೆರೆಯಷ್ಟು ಆಚೀಚೆಯಾದರೂ ಹಾವಿನ ಜಾತಿ ಬದಲಾಗಿಬಿಡುತ್ತದೆ. ಕಣ್ಣಿನ ಮೇಲೆ ಹುಬ್ಬಿನಂತೆ ಚಾಚಿದ ದೊಡ್ಡ ಹುರುಪೆ, ಕಣ್ಣಿಗೂ ಮೂಗಿನ ಹೊಳ್ಳೆಗೂ ನಡುವೆ ಶಾಖವನ್ನು ಗ್ರಹಿಸುವ ಗುಳಿ, ಕೆನ್ನೆಯ ಮೇಲೆ ಓರೆಯಾಗಿ ಇಳಿಯುವ ಎರಡು ತೆಳು ಪಟ್ಟಿ, ನೆಟ್ಟಗೆ ಸೀಳಿದಂತಿರುವ ಕಣ್ಣುಪಾಪೆ ಎಲ್ಲವೂ ಅದರದರ ಜಾಗದಲ್ಲಿವೆ.

ಗಿಲಕಿಯಲ್ಲಿ ಎಂಟು ಉಂಗುರಗಳಿವೆ. ಅದು ನಮ್ಮ ಉಗುರಿನಲ್ಲಿರುವ ಕೆರಾಟಿನ್‌ನಿಂದಲೇ ಆದದ್ದು. ಒಳಗೆ ಟೊಳ್ಳು, ಕಾಳೂ ಇಲ್ಲ, ಹರಳೂ ಇಲ್ಲ. ಒಂದು ಉಂಗುರ ಇನ್ನೊಂದರೊಳಗೆ ಸಡಿಲವಾಗಿ ಸಿಕ್ಕಿಕೊಂಡಿರುತ್ತದೆ. ಬಾಲದ ಸ್ನಾಯು ಸೆಕೆಂಡಿಗೆ ಐವತ್ತಕ್ಕೂ ಹೆಚ್ಚು ಸಲ ಅದುರಿದಾಗ ಈ ಉಂಗುರಗಳು ಒಂದಕ್ಕೊಂದು ಬಡಿದು ಸದ್ದಾಗುತ್ತದೆ. ಪ್ರತಿ ಸಲ ಪೊರೆ ಬಿಟ್ಟಾಗ ಬುಡದಲ್ಲಿ ಹೊಸದೊಂದು ಉಂಗುರ ಸೇರುತ್ತದೆ. ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಸಲ ಪೊರೆ ಬಿಡುವುದರಿಂದಲೂ, ಹಳೆಯ ಉಂಗುರಗಳು ತುದಿಯಿಂದ ಮುರಿದು ಬೀಳುವುದರಿಂದಲೂ, ಅವನ್ನು ಎಣಿಸಿ ಹಾವಿನ ವಯಸ್ಸು ಹೇಳಲಾಗುವುದಿಲ್ಲ. ಆದರೆ ಆಕಾರದಿಂದ ಒಂದು ವಿಷಯ ತಿಳಿಯುತ್ತದೆ. ಇನ್ನೂ ಬೆಳೆಯುತ್ತಿರುವ ಹಾವಿನ ಗಿಲಕಿ ತುದಿಯ ಕಡೆಗೆ ಸಣ್ಣದಾಗುತ್ತ ಹೋಗಿ, ಹುಟ್ಟುವಾಗಿನ ಪುಟ್ಟ ಗುಂಡಿಯಲ್ಲಿ ಮುಗಿಯುತ್ತದೆ. ಬೆಳೆದು ನಿಂತ ಹಾವಿನಲ್ಲಿ ಆ ತುದಿ ಎಂದೋ ಮುರಿದು ಹೋಗಿರುತ್ತದೆ, ಉಳಿದ ಉಂಗುರಗಳೆಲ್ಲ ಒಂದೇ ಅಗಲಕ್ಕಿರುತ್ತವೆ. ನಿಮ್ಮ ಚಿತ್ರದ್ದು ಒಂದೇ ಅಗಲದ್ದು, ತುದಿಯಲ್ಲಿ ಮುರಿದ ಅಂಚನ್ನೂ ಕಲಾವಿದರು ಬರೆದಿದ್ದಾರೆ. ಕಣ್ಣಾರೆ ನೋಡದವರ ಕೈಯಲ್ಲಿ ಇದು ಬರುವಂಥದ್ದಲ್ಲ.

ಇಂಥ ಒಂದು ಚಿತ್ರ ಹೇಗೆ ತಯಾರಾಗುತ್ತದೆ ಎಂಬುದನ್ನು ನಿಮಗೂ ನಿಮ್ಮ ಓದುಗರಿಗೂ ಸ್ವಲ್ಪ ಹೇಳಬೇಕೆನಿಸುತ್ತದೆ. ಅದು ಗೊತ್ತಿದ್ದರೆ ಯಾರೂ ಅದನ್ನು ಖಾಲಿ ಜಾಗ ತುಂಬುವ ಸಾಮಗ್ರಿಯೆಂದು ಭಾವಿಸುವುದಿಲ್ಲ. ಮೊದಲು ಪೆನ್ಸಿಲ್‌ನಲ್ಲಿ ಬೆನ್ನುಮೂಳೆ ಸಾಗುವ ದಾರಿಯನ್ನು ಎಳೆಯುತ್ತೇವೆ. ಒಂದು ಸುರುಳಿ ಇನ್ನೊಂದರ ಕೆಳಗೆ ತೂರಿದಾಗ ಕಣ್ಣಿಗೆ ಬೀಳದ ಭಾಗವನ್ನೂ ಎಳೆಯಬೇಕು. ಇಲ್ಲದಿದ್ದರೆ ಈ ಕಡೆ ಒಳಗೆ ಹೋದ ಮೈ ಆ ಕಡೆ ಬೇರೆಯೇ ದಪ್ಪದಲ್ಲಿ ಹೊರಬರುತ್ತದೆ. ಆಮೇಲೆ ಹುರುಪೆಗಳ ಸಾಲು. ಡೈಮಂಡ್‌ಬ್ಯಾಕ್‌ನ ಮೈ ನಡುವೆ ಅಡ್ಡಲಾಗಿ ಎಣಿಸಿದರೆ ಸಾಮಾನ್ಯವಾಗಿ 25 ರಿಂದ 27 ಸಾಲು ಸಿಗುತ್ತವೆ. ಸಾಲುಗಳು ಓರೆಯಾಗಿ ಒಂದನ್ನೊಂದು ಹಾಯುತ್ತವೆ. ಹಾವು ಬಾಗಿದಾಗ ಹುರುಪೆ ಹಿಗ್ಗುವುದಿಲ್ಲ, ಹುರುಪೆಗಳ ನಡುವಿನ ಚರ್ಮ ಹಿಗ್ಗುತ್ತದೆ. ಹಾಗಾಗಿ ಬಾಗಿನ ಹೊರಮೈಯಲ್ಲಿ ಅವು ಬಿಡಿಬಿಡಿಯಾಗಿ, ಒಳಮೈಯಲ್ಲಿ ಒತ್ತೊತ್ತಾಗಿ ಕಾಣಬೇಕು. ಈಗ ಕಂಪ್ಯೂಟರ್ ತಾನೇ ಕಟ್ಟಿಕೊಡುವ ಹಾವಿನ ಚಿತ್ರಗಳನ್ನು ಬೇಕಾದರೆ ಈ ಒಂದು ವಿಷಯದಲ್ಲಿ ಪರೀಕ್ಷಿಸಿ ನೋಡಿ. ಬಾಗಿನಲ್ಲಿ ಎಷ್ಟೋ ಸಲ ಸಾಲುಗಳು ಕದಡಿ ಒಂದರೊಳಗೊಂದು ಕರಗಿಹೋಗಿರುತ್ತವೆ.

ಪ್ರತಿ ಹುರುಪೆಯ ನಡುವೆ ಉದ್ದಕ್ಕೆ ಉಬ್ಬಿದ ಗೆರೆಯಂಥ ಒಂದು ಏಣು ಇರುತ್ತದೆ. ಆ ಏಣಿನ ಮೇಲೆ ಬೆಳಕು ನಿಲ್ಲುವುದರಿಂದ ಅಲ್ಲಿ ಕಾಗದವನ್ನು ಹಾಗೆಯೇ ಬಿಳಿಯಾಗಿ ಬಿಡಬೇಕು. ಬೆಳಕು ಎಡಗಡೆ ಮೇಲಿಂದ ಬರುತ್ತದೆ ಎಂದು ಇಟ್ಟುಕೊಳ್ಳುವುದು ವಿಜ್ಞಾನದ ಚಿತ್ರಗಳಲ್ಲಿ ಹಳೆಯ ರೂಢಿ. ಏಣಿನ ಬಲಕ್ಕೆ ಸಣ್ಣ ಚುಕ್ಕೆಗಳು, ಹುರುಪೆಯ ಬುಡದ ನೆರಳಿಗೆ ಇನ್ನಷ್ಟು ಚುಕ್ಕೆಗಳು. ಈ ಜಾತಿಯ ಹಾವಿನ ಮೈಬಣ್ಣ ಧೂಳು ಕವಿದಂತೆ ಮಸುಕಾಗಿರುತ್ತದೆ. ಹುರುಪೆ ಹುರುಪೆಯಲ್ಲೂ ಸಣ್ಣ ಕಪ್ಪು ಕಣಗಳಿರುತ್ತವೆ. ಹೀಗಾಗಿ ಗೆರೆಗಿಂತ ಚುಕ್ಕೆಯೇ ಇದಕ್ಕೆ ಹೊಂದುತ್ತದೆ. ಬೆನ್ನಿನ ವಜ್ರಾಕೃತಿಗಳ ಸುತ್ತ ಇರುವ ಬಿಳಿ ಅಂಚು ತೀರಾ ಸಪೂರ. ಅದನ್ನು ಉಳಿಸಿಕೊಂಡು ಎರಡೂ ಬದಿಗೆ ಚುಕ್ಕೆ ಇಡುವಾಗ ಉಸಿರು ಬಿಗಿಹಿಡಿಯಬೇಕಾಗುತ್ತದೆ. ಇಂಕ್ ಬಿದ್ದ ಜಾಗವನ್ನು ಬ್ಲೇಡಿನಲ್ಲಿ ಕೆರೆದು ಸರಿಪಡಿಸಬಹುದಾದರೂ ಕೆರೆದ ಕಾಗದ ಮತ್ತೆ ಮೊದಲಿನಂತೆ ಇಂಕ್ ಹಿಡಿಯುವುದಿಲ್ಲ. ಮ್ಯೂಸಿಯಂಗಳಲ್ಲಿ ಆಲ್ಕೋಹಾಲ್‌ನಲ್ಲಿಟ್ಟ ಹಾವುಗಳ ಬಣ್ಣ ಮಾಸಿರುತ್ತದೆ. ಅಲ್ಲಿ ಹುರುಪೆ ಎಣಿಸಿಕೊಂಡು, ಬಣ್ಣದ ದಟ್ಟತನಕ್ಕೆ ಜೀವಂತ ಹಾವನ್ನು ನೋಡಿಕೊಂಡು ಎರಡನ್ನೂ ಕೂಡಿಸಿ ಬರೆಯುತ್ತೇವೆ. ಒಂದು ಹಾವು ಮುಗಿಯಲು ವಾರಗಳೇ ಬೇಕು.

ಇಷ್ಟೆಲ್ಲ ಕೂಡಿ ಬಂದ ಚಿತ್ರ ಈಗ ನಿಮ್ಮ ಪುಟದಲ್ಲಿ ಕೊಳಕುಮಂಡಲದ ಹೆಸರಿನಲ್ಲಿ ಕೂತಿದೆ. ಇದರಿಂದ ಏನು ನಷ್ಟ ಎಂದು ಕೇಳಬಹುದು. ನಷ್ಟ ದೊಡ್ಡದೇ. ಕೊಳಕುಮಂಡಲದ ಬೆನ್ನಿನ ಮೇಲೆ ಇರುವುದು ಒಂದು ಸಾಲು ವಜ್ರಾಕೃತಿಯಲ್ಲ, ಮೂರು ಸಾಲು ಅಂಡಾಕಾರದ ಮಚ್ಚೆಗಳು. ಮಚ್ಚೆಗೆ ಕಪ್ಪು ಅಂಚು, ಅದರ ಸುತ್ತ ಬಿಳಿ ಅಂಚು. ಅದರ ಮುಖದಲ್ಲಿ ಗುಳಿಯಿಲ್ಲ, ಮೂಗಿನ ಹೊಳ್ಳೆ ಮಾತ್ರ ದೊಡ್ಡದು. ಬಾಲದಲ್ಲಿ ಗಿಲಕಿಯಿಲ್ಲ, ಕಪ್ಪು ಬಿಳಿ ಪಟ್ಟೆಯಿಲ್ಲ. ಕೆರಳಿದಾಗ ಪ್ರೆಷರ್ ಕುಕ್ಕರಿನಿಂದ ಆವಿ ಹೊರಟಂತೆ ದೀರ್ಘವಾಗಿ ಬುಸುಗುಡುತ್ತದೆ. ನಿಮ್ಮ ಪುಟವನ್ನು ಕತ್ತರಿಸಿ ಶಾಲೆಯ ಗೋಡೆಗೆ ಅಂಟಿಸುವ ಮೇಷ್ಟರಿದ್ದಾರೆ, ಅದನ್ನು ನೋಡಿ ಕಲಿಯುವ ಮಕ್ಕಳಿದ್ದಾರೆ. ವಿಷದ ಹಾವಾದರೆ ಬಾಲದಲ್ಲಿ ಸದ್ದು ಮಾಡುತ್ತದೆ ಎಂದು ಒಂದು ಮಗು ತಿಳಿದುಕೊಂಡು ಸದ್ದಿಲ್ಲದ ಹಾವಿನ ಹತ್ತಿರ ಹೋದರೆ ಯಾರು ಹೊಣೆ? ಮೊದಲೇ ನಮ್ಮಲ್ಲಿ ಕೊಳಕುಮಂಡಲವನ್ನು ಹೆಬ್ಬಾವಿನ ಮರಿಯೆಂದು ಕೈಯಲ್ಲಿ ಹಿಡಿಯಲು ಹೋಗಿ ಪ್ರಾಣಕ್ಕೆ ಕುತ್ತು ತಂದುಕೊಳ್ಳುವವರಿದ್ದಾರೆ. ಹೆಬ್ಬಾವಿನ ಹುರುಪೆ ನಯ, ಅದರಲ್ಲಿ ಏಣಿಲ್ಲ; ಮಚ್ಚೆಗಳ ಆಕಾರಕ್ಕೆ ಕ್ರಮವಿಲ್ಲ. ಕೊಳಕುಮಂಡಲದ ಹುರುಪೆ ಒರಟು, ಏಣುಳ್ಳದ್ದು. ಮಚ್ಚೆಗಳು ಸಾಲು ಹಿಡಿದಿರುತ್ತವೆ. ಫೋಟೊದಲ್ಲಿ ಬೆಳಕು ನೆರಳಿಗೆ ಸಿಕ್ಕಿ ಮರೆಯಾಗುವ ಈ ವ್ಯತ್ಯಾಸವನ್ನು ಒಂದು ಒಳ್ಳೆಯ ರೇಖಾಚಿತ್ರ ಅಂಗೈ ಅಗಲದಲ್ಲಿ ತೋರಿಸಿಬಿಡುತ್ತದೆ.

ನಮ್ಮ ಮಲೆನಾಡಿನ ವಿಷಯ ಬಂದರೆ ಇನ್ನೂ ಒಂದು ತೊಡಕಿದೆ. ಅಡಿಕೆ, ಕಾಫಿ ತೋಟಗಳ ತರಗೆಲೆಗಳ ನಡುವೆ ಮೂಗಿನ ತುದಿ ಮೇಲಕ್ಕೆದ್ದ ಒಂದು ಪುಟ್ಟ ಕಂದು ಹಾವಿದೆ, ಹಂಪ್-ನೋಸ್ಡ್ ಪಿಟ್ ವೈಪರ್. ಅದು ಗುಳಿಮಂಡಲಗಳ ಗುಂಪಿನದು. ಮುಖದ ಗುಳಿಯ ಲೆಕ್ಕದಲ್ಲಿ ಅರಿಜೋನಾದ ರ‍್ಯಾಟಲ್ ಸ್ನೇಕ್‌ಗೆ ಅದು ದಾಯಾದಿ. ಕೊಳಕುಮಂಡಲ ದೂರದ ನೆಂಟ. ಭಾರತದಲ್ಲಿ ಸಿಗುವ ಪ್ರತಿವಿಷ ತಯಾರಾಗುವುದು ನಾಗರಹಾವು, ಕಟ್ಟುಹಾವು, ಕೊಳಕುಮಂಡಲ ಮತ್ತು ಗರಗಸ ಮಂಡಲ ಈ ನಾಲ್ಕರ ವಿಷಕ್ಕೆ. ಈ ಮೊಂಡುಮೂಗಿನ ಹಾವಿನ ವಿಷಕ್ಕೆ ಅದು ನಾಟುವುದಿಲ್ಲ. ಇದನ್ನು ಗರಗಸ ಮಂಡಲವೆಂದು ತಪ್ಪಾಗಿ ಗುರುತಿಸಿದ ಪ್ರಸಂಗಗಳು ವೈದ್ಯಕೀಯ ದಾಖಲೆಗಳಲ್ಲೇ ಇವೆ. ವೈದ್ಯರು ರೋಗಿಯ ಲಕ್ಷಣ ನೋಡಿಯೇ ಚಿಕಿತ್ಸೆ ಕೊಡುತ್ತಾರೆ, ಕಡಿದ ಹಾವನ್ನು ಬೆನ್ನಟ್ಟಿ ಹಿಡಿದು ತರುವ ಸಾಹಸ ಯಾರೂ ಮಾಡಬಾರದು. ಆದರೂ ತೋಟದಲ್ಲಿ ತಾನು ಕಂಡದ್ದು ಯಾವ ಹಾವೆಂದು ಒಬ್ಬ ಕೂಲಿ ಹೆಣ್ಣುಮಗಳು ಹೇಳಬಲ್ಲಳಾದರೆ ವೈದ್ಯರಿಗೆ ಅದೂ ಒಂದು ಸಹಾಯ. ಕರ್ನಾಟಕ ಸರ್ಕಾರ 2024ರ ಫೆಬ್ರುವರಿಯಲ್ಲಿ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣವೆಂದು ಘೋಷಿಸಿದೆ. ಆಸ್ಪತ್ರೆಗಳು ಲೆಕ್ಕ ಇಡತೊಡಗಿರುವ ಈ ಹೊತ್ತಿನಲ್ಲಿ ಪತ್ರಿಕೆಗಳು ಹಾವಿನ ಗುರುತನ್ನು ಗೊಂದಲ ಮಾಡಬಾರದು.

ರ‍್ಯಾಟಲ್ ಸ್ನೇಕ್‌ನ ಚಿತ್ರವೇ ಏಕೆ ಎಲ್ಲ ಕಡೆ ಸಿಗುತ್ತದೆ ಎಂಬುದಕ್ಕೂ ಕಾರಣವಿದೆ. ಅಮೆರಿಕದ ಮುದ್ರಣದ ಚರಿತ್ರೆಯಲ್ಲಿ ಹಾವಿಗೆ ದೊಡ್ಡ ಸ್ಥಾನವಿದೆ. 1754ರಲ್ಲಿ ಬೆಂಜಮಿನ್ ಫ್ರಾಂಕ್ಲಿನ್ ತಮ್ಮ ಪತ್ರಿಕೆಯಲ್ಲಿ ಎಂಟು ತುಂಡಾದ ಹಾವಿನ ಚಿತ್ರ ಅಚ್ಚು ಹಾಕಿ, ವಸಾಹತುಗಳು ಒಂದಾಗದಿದ್ದರೆ ಸಾವೇ ಗತಿ ಎಂದು ಎಚ್ಚರಿಸಿದರು. ಅಮೆರಿಕದ ಸ್ವಾತಂತ್ರ್ಯ ಹೋರಾಟದ ಕಾಲದ, 1775ರ ಹಳದಿ ಬಾವುಟದ ಮೇಲೆ ಸುರುಳಿ ಸುತ್ತಿ ಕೂತದ್ದು ರ‍್ಯಾಟಲ್ ಸ್ನೇಕ್. ಅಂದಿನಿಂದ ಅಂಗಿ, ಲಾರಿ, ಬಾವುಟ, ಪೋಸ್ಟರ್ ಎಲ್ಲದರ ಮೇಲೂ ಅದೇ. ವಿಷದ ಹಾವಿನ ರೇಖಾಚಿತ್ರವೆಂದು ಯಾರು ಹುಡುಕಿದರೂ ಅದೇ ಮೊದಲು ಎದುರಾಗುತ್ತದೆ.

ಆದರೆ ಈ ದೇಶದವರು ತಮ್ಮ ಹಾವಿನ ಚಿತ್ರದ ಸರಿ ತಪ್ಪಿನ ಬಗ್ಗೆ ಎಷ್ಟು ತಲೆ ಕೆಡಿಸಿಕೊಂಡಿದ್ದಾರೆ ಎಂಬುದನ್ನೂ ಹೇಳಬೇಕು. ಪಕ್ಷಿಚಿತ್ರಗಳಿಗೆ ಹೆಸರಾದ ಜಾನ್ ಜೇಮ್ಸ್ ಆಡುಬಾನ್ 1821ರ ಆಗಸ್ಟ್‌ನಲ್ಲಿ ಲೂಸಿಯಾನಾದ ಒಂದು ತೋಟದಲ್ಲಿ ಐದೂವರೆ ಅಡಿಗೂ ಉದ್ದದ ರ‍್ಯಾಟಲ್ ಸ್ನೇಕನ್ನು ಎದುರಿಗಿಟ್ಟುಕೊಂಡು ಬರೆದರು. ಸೆಕೆ ಎಷ್ಟಿತ್ತೆಂದರೆ ಅದಕ್ಕೆ 16 ಗಂಟೆಗಿಂತ ಹೆಚ್ಚು ಕೊಡಲಾಗಲಿಲ್ಲ ಎಂದು ದಿನಚರಿಯಲ್ಲಿ ನೊಂದುಕೊಂಡಿದ್ದಾರೆ. ಮುಂದೆ ಮಾಕಿಂಗ್‌ಬರ್ಡ್ ಹಕ್ಕಿಗಳ ಗೂಡಿಗೆ ರ‍್ಯಾಟಲ್ ಸ್ನೇಕ್ ಮುತ್ತಿಗೆ ಹಾಕುವ ಅವರ ಚಿತ್ರವನ್ನು ಲಂಡನ್ನಿನಲ್ಲಿ ತಾಮ್ರದ ತಗಡಿನ ಮೇಲೆ ಕೊರೆದು ಅಚ್ಚು ಹಾಕಿದಾಗ ದೊಡ್ಡ ರಂಪವೇ ಆಯಿತು. ಈ ಹಾವು ಮರ ಹತ್ತುವುದುಂಟೇ ಎಂದು ವಿರೋಧಿಗಳು ಮೂದಲಿಸಿದರು. ವಿಷದ ಹಲ್ಲಿನ ತುದಿ ಹೊರಕ್ಕೆ ಬಾಗಿರುವಂತೆ ಬರೆದದ್ದನ್ನೂ ಎತ್ತಿ ಆಡಿದರು. ಆಡುಬಾನ್ ಅವರ ಮಾತಿನ ಮೇಲಿನ ನಂಬಿಕೆಯೇ ಪಣಕ್ಕೆ ಬಿತ್ತು. ರ‍್ಯಾಟಲ್ ಸ್ನೇಕ್‌ಗಳು ಮರ ಹತ್ತುತ್ತವೆ ಎಂಬುದು ಆಮೇಲೆ ಬೇರೆಯವರ ಕಣ್ಣಿಗೂ ಬಿದ್ದು ದೃಢಪಟ್ಟಿತು. ಒಂದು ಹಲ್ಲಿನ ಬಾಗು ಹೇಗಿರಬೇಕು ಎಂದು ಜನ ಬಹಿರಂಗವಾಗಿ ವಾದಿಸಿದ ಆ ಜಗಳ ನನಗೆ ಬಹಳ ಗೌರವದ್ದಾಗಿ ತೋರುತ್ತದೆ. ನಮ್ಮಲ್ಲಿ ಇಡೀ ಹಾವೇ ಬೇರೆಯಾದರೂ ಒಬ್ಬರೂ ಕೇಳದಿದ್ದರೆ ಹೇಗೆ ಎಂದು ಈ ಪತ್ರ ಬರೆಯುತ್ತಿದ್ದೇನೆ.

ಭಾರತದ ಹಾವುಗಳ ಚಿತ್ರ ಸಿಗುವುದಿಲ್ಲ ಎಂದೇನೂ ಇಲ್ಲ. ಕೊಳಕುಮಂಡಲಕ್ಕೆ ಇಂಗ್ಲಿಷಿನಲ್ಲಿ ಯಾರ ಹೆಸರಿದೆಯೋ ಆ ಪ್ಯಾಟ್ರಿಕ್ ರಸೆಲ್, ಈಸ್ಟ್ ಇಂಡಿಯಾ ಕಂಪನಿಯ ಕೆಲಸದಲ್ಲಿದ್ದುಕೊಂಡು ವಿಶಾಖಪಟ್ಟಣದಲ್ಲಿ ಹಾವುಗಳನ್ನು ಕಲೆಹಾಕಿ, 1796ರಲ್ಲಿ ಕೋರಮಂಡಲ ಕರಾವಳಿಯ ಹಾವುಗಳ ಬಗ್ಗೆ ಚಿತ್ರಸಹಿತ ಗ್ರಂಥ ಹೊರತಂದರು. ಕೊಳಕುಮಂಡಲ ಕಾಗದದ ಮೇಲೆ ಮೂಡಿ ಇನ್ನೂರು ವರ್ಷ ದಾಟಿದೆ. ಇಂದು ಬೆಂಗಳೂರಿನ ಚಿತ್ರಕಲಾ ಪರಿಷತ್ತು, ಮೈಸೂರಿನ ಕಾವಾ ಕಲಾಶಾಲೆ ಮೊದಲಾದ ಕಡೆ ಪೆನ್ನು ಹಿಡಿದ ಕೈ ನಡುಗದ ಹುಡುಗ ಹುಡುಗಿಯರಿದ್ದಾರೆ. ಹಾವುಗಳನ್ನು ಬಲ್ಲ ಜೀವವಿಜ್ಞಾನಿಗಳೂ, ಹಾವು ರಕ್ಷಕರೂ ಜಿಲ್ಲೆ ಜಿಲ್ಲೆಯಲ್ಲಿದ್ದಾರೆ. ಇಬ್ಬರನ್ನೂ ಒಂದು ಮೇಜಿನ ಮುಂದೆ ಕೂರಿಸುವ ಕೆಲಸವನ್ನು ಪತ್ರಿಕೆ ಮಾಡಬಹುದು. ಹಾಗೆ ಬರೆಸಿದ ಚಿತ್ರಕ್ಕೆ ನ್ಯಾಯವಾದ ಸಂಭಾವನೆ ಕೊಡಿ. ಒಂದು ಸಲ ಬರೆಸಿಟ್ಟ ಕೊಳಕುಮಂಡಲ ಇಪ್ಪತ್ತು ವರ್ಷ ನಿಮ್ಮ ಉಪಯೋಗಕ್ಕೆ ಬರುತ್ತದೆ, ಹಾವಿನ ಬೆನ್ನಿನ ಮಚ್ಚೆಯೇನೂ ಬದಲಾಗುವುದಿಲ್ಲ.

ನ್ಯೂಸ್‌ಪ್ರಿಂಟ್ ಕಾಗದಕ್ಕೆ ರೇಖಾಚಿತ್ರ ಹೇಳಿ ಮಾಡಿಸಿದ್ದು ಎಂಬುದು ನಿಮ್ಮ ಅಚ್ಚುಮನೆಯವರಿಗೆ ನನಗಿಂತ ಚೆನ್ನಾಗಿ ಗೊತ್ತಿರುತ್ತದೆ. ಫೋಟೊವನ್ನು ಸಣ್ಣ ಬಿಂದುಗಳಾಗಿ ಒಡೆದೇ ಅಚ್ಚು ಹಾಕಬೇಕು. ಒರಟು ಕಾಗದದ ಮೇಲೆ ಆ ಬಿಂದುಗಳು ಹರಡಿ, ತರಗೆಲೆಯ ನಡುವಿನ ಕಂದು ಹಾವು ತರಗೆಲೆಯೇ ಆಗಿಹೋಗುತ್ತದೆ. ಗೆರೆಯ ಚಿತ್ರದಲ್ಲಿ ಇರುವುದು ಕಪ್ಪು ಇಲ್ಲವೇ ಬಿಳಿ, ಅದು ಹಾಗೆಯೇ ಅಚ್ಚಿಗೆ ಇಳಿಯುತ್ತದೆ. ಅಚ್ಚಾಗುವ ಅಳತೆಗಿಂತ ಒಂದೂವರೆ ಪಟ್ಟು ದೊಡ್ಡದಾಗಿ ಬರೆದು ಕುಗ್ಗಿಸುವುದು ನಮ್ಮ ವೃತ್ತಿಯ ಪದ್ಧತಿ.

ಕೊನೆಯದಾಗಿ, ಅತ್ಯಂತ ಬೇಸರದ ಸಂಗತಿ. ನಿಮ್ಮ ಪುಟದ ಚಿತ್ರವನ್ನು ಮೊಬೈಲಿನಲ್ಲಿ ಹಿಗ್ಗಿಸಿ ನೋಡಿದೆ. ಕೆಳಗಿನ ಸುರುಳಿಯ ಬಲಕ್ಕೆ, ಕಲ್ಲಿನ ನೆರಳಿನ ಪಕ್ಕದಲ್ಲಿ, ಒಂದು ಇಂಗ್ಲಿಷ್ ಅಕ್ಷರದ ಬಾಲ ಮಾತ್ರ ಉಳಿದಿದೆ. ಅಲ್ಲಿ ಕಲಾವಿದರ ಸಹಿಯಿತ್ತು. ಅದನ್ನು ಯಾರೋ ಅಳಿಸಿದ್ದಾರೆ. ಅಳಿಸಿದವರು ನಿಮ್ಮವರೇ ಆಗಿರಬೇಕೆಂದಿಲ್ಲ, ನಿಮಗೆ ಸಿಗುವ ಮೊದಲೇ ಹಾಗಾಗಿರಬಹುದು. ಆದರೆ ಚಿತ್ರದ ಕೆಳಗೆ ‘ಸಾಂದರ್ಭಿಕ ಚಿತ್ರ’ ಎಂದು ಹಾಕಿದ್ದು ನಿಮ್ಮ ಪತ್ರಿಕೆ. ಆ ಎರಡು ಪದಗಳಲ್ಲಿ ಹಾವಿನ ಹೆಸರೂ ಹೋಯಿತು, ಬರೆದವರ ಹೆಸರೂ ಹೋಯಿತು. ಲೇಖನದ ಜೊತೆ ಲೇಖಕರ ಹೆಸರು ಹಾಕುತ್ತೀರಿ, ಫೋಟೊದ ಜೊತೆ ಛಾಯಾಗ್ರಾಹಕರ ಹೆಸರು ಹಾಕುತ್ತೀರಿ. ವಾರಗಟ್ಟಲೆ ಕೂತು ಸಾವಿರಾರು ಚುಕ್ಕೆ ಇಟ್ಟವರಿಗೆ ಒಂದು ಸಾಲು ಏಕಿಲ್ಲ?

ಮುಂದಿನ ಭಾನುವಾರ ಅದೇ ಪುಟದಲ್ಲಿ, ಅಷ್ಟೇ ಎದ್ದು ಕಾಣುವಂತೆ, ತಿದ್ದುಪಡಿ ಪ್ರಕಟಿಸಬೇಕೆಂದು ಕೋರುತ್ತೇನೆ. ಅದರ ಜೊತೆಗೆ ಹಾಕಲು ಕೊಳಕುಮಂಡಲದ ಒಂದು ರೇಖಾಚಿತ್ರವನ್ನು ಈ ಪತ್ರಕ್ಕೆ ಲಗತ್ತಿಸಿದ್ದೇನೆ. ಹಿಂದೊಮ್ಮೆ ಊರಿಗೆ ಬಂದಾಗ ರಸ್ತೆಯಲ್ಲಿ ವಾಹನಕ್ಕೆ ಸಿಕ್ಕಿ ಸತ್ತಿದ್ದ ಹಾವನ್ನು ನೋಡಿ ಬರೆದದ್ದು. ತಲೆಯ ಮೇಲಿನ ಗುರುತು, ಮೂರು ಸಾಲಿನ ಮಚ್ಚೆ, ಏಣುಳ್ಳ ಹುರುಪೆ ಮೂರನ್ನೂ ಬೇರೆ ಬೇರೆಯಾಗಿ ದೊಡ್ಡದು ಮಾಡಿ ಪಕ್ಕದಲ್ಲಿ ತೋರಿಸಿದ್ದೇನೆ. ಈ ಒಂದು ಚಿತ್ರಕ್ಕೆ ಹಣ ಬೇಡ. ಮೂರು ಕಾಲಂಗಿಂತ ಕಡಿಮೆ ಅಗಲಕ್ಕೆ ಮಾತ್ರ ಕುಗ್ಗಿಸಬೇಡಿ, ಕುಗ್ಗಿಸಿದರೆ ಮಚ್ಚೆಗಳ ಸುತ್ತಲಿನ ಬಿಳಿ ಅಂಚು ಇಂಕ್‌ನಲ್ಲಿ ಮುಚ್ಚಿಹೋಗುತ್ತದೆ.

ಇಂತಿ,
ನಿಮ್ಮ ಓದುಗಳು,
ಟೂಸಾನ್, ಅರಿಜೋನಾ